ಗಟ್ಟಿ ತಾರಸಿ, ಪೊಳ್ಳು ಗೋಡೆ

"ಬೇರೆಯವರ ಸೂರಿನ ಕೆಳಗೆ ಕಾಲು ಚಾಚಿ ಮಲಗೋದ್ರಲ್ಲಿ ನಮ್ಮ ಮನೆ ಅಳಿಯನ್ನ ಮೀರಿಸೋರಿಲ್ಲ ಬಿಡಿ!"

ಭಾನುವಾರದ ಊಟಕ್ಕೆ ಕೂತಿದ್ದ ನೆಂಟರೆಲ್ಲ ಗೊಳ್ಳೆಂದರು. ಹೇಳಿದವರು ಮಾವ ಫೋರ್ತುನಾತೊ. ಹೇಳಿಸಿಕೊಂಡವನು ಅಳಿಯ ಯೋನೆಲ್. ಬಾಯಿಗೆತ್ತಿದ ಆಲೂಗಡ್ಡೆಯನ್ನು ಅವನು ತಟ್ಟೆಗೆ ಇಳಿಸಿದ. ಪಕ್ಕದಲ್ಲಿದ್ದ ಹೆಂಡತಿ ರೋಸ್ಮೆರಿ ತುಂಬು ಬಸುರಿ. ಮೇಜಿನ ಕೆಳಗೆ ಅವನ ಕೈ ಹಿಡಿದುಕೊಂಡಳು.

"ನಗ್ಲಿ ಬಿಡು," ಎಂದಳು ಮೆಲ್ಲಗೆ. "ಪಾಪು ಬರೋ ಹೊತ್ತಿಗೆ ನಮ್ಮದೇ ಮನೆ ಇರತ್ತೆ."

ಕೊಳ್ಳಲು ಮನೆ ಸಿಕ್ಕಿತ್ತು. ಲಿಮಾ ಪಟ್ಟಣದ ಅಂಚಿನಲ್ಲಿ, ಅವರಿದ್ದ ಮಾವನ ಮನೆಯ ಗುಡ್ಡದಲ್ಲೇ, ಎರಡು ಓಣಿ ಆಚೆ, ದೋನ್ ತಿಯೋಫಿಲೊ ಅವರದು. ಕೆಳಗೆ ಹಳೆಯ ಎರಡು ಕೋಣೆ. ಮೇಲೆ, ಆಮೇಲೆ ಕಟ್ಟಿದ ಒಂದು ದೊಡ್ಡ ಕೋಣೆ, ಅದಕ್ಕೆ ಚಪ್ಪಟೆ ತಾರಸಿ. ತಾರಸಿಯ ಮೂಲೆಗಳಲ್ಲಿ ಕಬ್ಬಿಣದ ಕಂಬಿಗಳು ತುದಿಗೆ ಖಾಲಿ ಸೋಡಾ ಬಾಟಲಿ ಸಿಕ್ಕಿಸಿಕೊಂಡು ಆಕಾಶ ನೋಡುತ್ತ ನಿಂತಿದ್ದವು. ಮಕ್ಕಳು ದೊಡ್ಡವರಾದರೆ ಇನ್ನೊಂದು ಅಂತಸ್ತು ಎಬ್ಬಿಸಬೇಕಲ್ಲ, ಅದಕ್ಕೆ. ಆ ಗುಡ್ಡದಲ್ಲಿ ಕಂಬಿ ಬಿಡದೆ ಮನೆ ಕಟ್ಟಿದವರನ್ನು ಯಾರೂ ನೋಡಿಲ್ಲ.

ಆ ತಾರಸಿಗೆ ಮೋಲ್ಡ್ ಹಾಕಿದ ದಿನ ಯೋನೆಲ್ ಅಲ್ಲೇ ಇದ್ದ. ಓಣಿಗೆ ಓಣಿಯೇ ಸೇರಿ ಒಂದೇ ದಿನದಲ್ಲಿ ಮುಗಿಸುವ ಕೆಲಸ ಅದು. ಗಂಡಸರು ಡಬ್ಬದಲ್ಲಿ ಕಾಂಕ್ರೀಟು ಹೊತ್ತು ಏಣಿ ಹತ್ತುತ್ತಾರೆ. ಹೆಂಗಸರು ದೊಡ್ಡ ಪಾತ್ರೆಯಲ್ಲಿ ಬಾತುಕೋಳಿ ಅನ್ನ ಬೇಯಿಸುತ್ತಾರೆ. ಸಂಜೆ ತಾರಸಿಯ ಮೇಲೆ ಹೂ ಸುತ್ತಿದ ಶಿಲುಬೆ ನಿಲ್ಲಿಸಿ, ಬಿಯರು ಹಂಚಿ ಕುಣಿಯುತ್ತಾರೆ. ಅವತ್ತು ಅವನಿಗೆ ಬಡಿಸಿದವಳು ರೋಸ್ಮೆರಿ. "ಇನ್ನೊಂದು ತುಂಡು ಹಾಕ್ಲಾ?" ಎಂದು ಅವಳು ಕೇಳಿದ್ದೇ ಅವರಿಬ್ಬರ ಮೊದಲ ಮಾತು. ಅಂಥ ತಾರಸಿಯ ಮೇಲೆ ಅವನಿಗೆ ಅನುಮಾನ ಬರುವುದುಂಟೆ?

ಅನುಮಾನ ಬಂದದ್ದು ರೋಸ್ಮೆರಿಗೆ. ಮುಂಗಡ ಕೊಡುವ ಮೊದಲು ಶಾಲೆಯ ಗೆಳತಿ ಸೆನೈದಾಳನ್ನು ಕರೆದಳು. ಸೆನೈದಾ ಪುರಸಭೆಯಲ್ಲಿ ಇಂಜಿನಿಯರು. ಭೂಮಿ ನಡುಗಿದರೆ ಯಾವ ಮನೆ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ನೋಡುವುದೇ ಅವಳ ಕೆಲಸ.

"ಇಂಜಿನಿಯರಮ್ಮ ಕೈ ಇಟ್ರೆ ಗೋಡೆ ಇನ್ನೂ ಗಟ್ಟಿ ಆಗತ್ತೇನೋ," ಎಂದ ಯೋನೆಲ್.

"ಆಗಲ್ಲ. ಆದ್ರೆ ನಿನ್ನ ಹೆಂಡ್ತಿಗೆ ನಿದ್ದೆ ಬರತ್ತೆ," ಎಂದಳು ಸೆನೈದಾ. ಮೇಲಿನ ಕೋಣೆಯ ಕಿಟಕಿಯ ಹತ್ತಿರ ನಿಂತು ಕೇಳಿದಳು, "ದೋನ್ ತಿಯೋಫಿಲೊ, ಇಲ್ಲಿ ಅಂಗೈಯಗಲ ಗಾರೆ ಕೆರೀಲಾ?"

"ಕೆರಿಯಮ್ಮ, ಧಾರಾಳವಾಗಿ ಕೆರಿ. ಎರಡು ಸಲ ಭೂಮಿ ನಡುಗಿದೆ, ಈ ಮನೆಯ ಕೂದಲೂ ಕೊಂಕಿಲ್ಲ."

"ಆಗ ಈ ಮೇಲಿನ ಕೋಣೆ ಇತ್ತಾ?"

ತಿಯೋಫಿಲೊ ಕೆಮ್ಮಿದರು. "ಇದು... ಆಮೇಲಿಂದು."

ಗಾರೆ ಉದುರಿತು. ಇಟ್ಟಿಗೆಯ ತುದಿಯಲ್ಲಿ ಸಾಲಾಗಿ ತೂತುಗಳು. ಸೆನೈದಾ ಕಿರುಬೆರಳು ತೂರಿಸಿದಳು. ಪೂರ್ತಿ ಒಳಗೆ ಹೋಯಿತು.

"ಇದು ಅಡ್ಡಗೋಡೆ ಎಬ್ಬಿಸೋ ಇಟ್ಟಿಗೆ ಕಣ್ರೀ. ಹಗುರ, ಅಗ್ಗ. ತಾರಸಿ ಹೊರೋಕೆ ಇರೋದಲ್ಲ."

ಗಂಡಸರಿಬ್ಬರನ್ನೂ ಓಣಿಗೆ ಇಳಿಸಿ ತೋರಿಸಿದಳು. ಮೇಲಿನ ಗೋಡೆ ಕೆಳಗಿನ ಗೋಡೆಯ ಮೇಲೆ ಕೂತಿರಲಿಲ್ಲ. ಜಾಗ ಹೆಚ್ಚಲೆಂದು ಓಣಿಯ ಕಡೆಗೆ ಚಾಚಿಕೊಂಡಿತ್ತು. ಹಿಂಬದಿಗೆ ಪಿಲ್ಲರೇ ಇರಲಿಲ್ಲ. ತಾರಸಿ ಹತ್ತಿ ಒಂದು ಕಂಬಿ ಹಿಡಿದು ತಿಕ್ಕಿದಳು. ಕಡಲ ಮಂಜು ಕುಡಿದ ಕಬ್ಬಿಣ ಹೊಟ್ಟಿನ ಹಾಗೆ ಪದರ ಪದರವಾಗಿ ಕಳಚಿತು.

ಯೋನೆಲ್ ಉರಿದುಬಿದ್ದ. "ನಾನೇ ಹೊತ್ತು ಹಾಕಿದ ಕಾಂಕ್ರೀಟು ಕಣಮ್ಮ! ಎಷ್ಟು ಸಿಮೆಂಟು ಬಿದ್ದಿದೆ ಅಂತ ನಂಗೊತ್ತು. ತಾರಸಿ ಬಂಡೆ ಹಾಗಿದೆ!"

"ಹೌದು ಯೋನೆಲ್. ನನಗೆ ಅದೇ ಭಯ. ತಾರಸಿ ಗಟ್ಟಿ, ಗೋಡೆ ಪೊಳ್ಳು. ನೆಲ ಅಲುಗಿದ್ರೆ ಮೊದಲು ಗೋಡೆ ಪುಡಿಯಾಗತ್ತೆ. ಆಮೇಲೆ ಆ ಬಂಡೆ ಯಾರ ಮೇಲೆ ಕೂರತ್ತೆ?"

ಅವನು ಕೋಣೆಗೆ ಇಳಿದ. ತೊಟ್ಟಿಲು ಇಲ್ಲೇ ಎಂದು ಬೆಳಗ್ಗೆ ತೋರಿಸಿದ್ದ ಮೂಲೆಯಲ್ಲಿ ರೋಸ್ಮೆರಿ ಕೂತಿದ್ದಳು. ಹೊಟ್ಟೆಯ ಮೇಲೆ ಕೈ ಇತ್ತು. ಕಣ್ಣು ತಲೆಯ ಮೇಲಿನ ತಾರಸಿಯಲ್ಲಿತ್ತು.

ಯೋನೆಲ್‌ಗೆ ಆಗ ಹೊಳೆಯಿತು. ಈ ಗೋಡೆ ಕಟ್ಟುವಾಗಲೂ ಅವನು ಬಂದಿದ್ದ. ಒಂದೇ ಹೊರೆಗೆ ಯಾರೂ ಹೊರದಷ್ಟು ಇಟ್ಟಿಗೆ ಹೊತ್ತು ಏಣಿ ಹತ್ತಿದ್ದ. ಓಣಿಯವರು ಚಪ್ಪಾಳೆ ತಟ್ಟಿದ್ದರು. ತನ್ನ ತೋಳಿನ ಬಲ ಎಂದುಕೊಂಡಿದ್ದ. ಬಲವೂ ಅಲ್ಲ, ಮಣ್ಣೂ ಅಲ್ಲ. ಇಟ್ಟಿಗೆ ಪೊಳ್ಳಾಗಿತ್ತು.

"ಸರಿ ಮಾಡೋಕಾಗಲ್ವಾ?" ಎಂದ. ದನಿ ಇಳಿದಿತ್ತು.

"ಆಗತ್ತೆ," ಎಂದಳು ಹಿಂದೆಯೇ ಇಳಿದು ಬಂದ ಸೆನೈದಾ. "ನಕ್ಷೆ ಮಾಡಿಸಿ ಈ ಕೋಣೆ ಇಳಿಸ್ಬೇಕು. ತಳಪಾಯದಿಂದ ಪಿಲ್ಲರ್ ಎಬ್ಬಿಸಿ, ಗಟ್ಟಿ ಇಟ್ಟಿಗೇಲಿ ಮತ್ತೆ ಕಟ್ಬೇಕು."

"ಅದೆಲ್ಲ ನನ್ನ ಕೈಲಾಗಲ್ಲ," ಎಂದರು ತಿಯೋಫಿಲೊ. "ಇದ್ದ ಹಾಗೆ ಬೇಕಾದ್ರೆ ತಗೋ. ಇಲ್ಲಾಂದ್ರೆ ಬಿಡು."

"ಬೇಡ," ಎಂದ ಯೋನೆಲ್.

ಗುಡ್ಡದ ಮೆಟ್ಟಿಲಿಗೆ ಬಂದವನು ಅಲ್ಲೇ ಕೂತ. "ನಿಂಗೊಂದು ಸೂರು ಕೊಡೋಕೂ ಆಗ್ಲಿಲ್ಲ ನನ್ನಿಂದ."

ರೋಸ್ಮೆರಿ ಅವನ ಅಂಗೈ ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. "ಸೂರು ಎಲ್ಲಿಗೂ ಓಡಿಹೋಗಲ್ಲ. ಮೊದಲು ಇಲ್ಲಿ ನೋಡು, ಹೇಗೆ ಒದೀತಿದೆ."

ಸಂಜೆ ಮಾವ ಎಲ್ಲವನ್ನೂ ಕೇಳಿದರು. ಹಾಸ್ಯ ಮಾಡಲಿಲ್ಲ. ಅಡುಗೆಮನೆಯ ಚಾಕು ತಂದು ತಮ್ಮದೇ ಕಿಟಕಿಯಂಚಿನ ಗಾರೆ ಕೆರೆಯತೊಡಗಿದರು.

"ಏನ್ ಮಾಡ್ತಿದ್ದೀರಿ ಮಾವ?"

"ನನ್ನ ಮೊಮ್ಮಗು ಮಲಗೋ ಮನೆ ಕಣಯ್ಯ ಇದು. ಆ ಇಂಜಿನಿಯರ್ ಹುಡುಗೀನ ನಾಳೆ ಇಲ್ಲಿಗೂ ಕರಿ."

ಅಣ್ಣಂದಿರೇ, ಅಕ್ಕಂದಿರೇ, ಮೇಲೆ ಕೋಣೆ ಎಬ್ಬಿಸಿ ತಾರಸಿ ಹಾಕಿದ ಮನೆ ಕೊಳ್ಳಲು ಹೊರಟಿದ್ದೀರಾ? ಬಣ್ಣಕ್ಕೆ ಮರುಳಾಗಬೇಡಿ. ಗಾರೆ ಕೆರೆಸಿ ಇಟ್ಟಿಗೆ ನೋಡಿ. ಮೇಲಿನ ಗೋಡೆ ಯಾವುದರ ಮೇಲೆ ಕೂತಿದೆ ನೋಡಿ. ಪಿಲ್ಲರ್ ತಳಪಾಯದಿಂದಲೇ ಎದ್ದಿದೆಯಾ ಎಂದು ಕೇಳಿ. ಕಂಬಿ ತುಕ್ಕು ಹಿಡಿದಿದ್ದರೆ ಅದರ ಮೇಲೆ ಇನ್ನೊಂದು ಅಂತಸ್ತಿನ ಕನಸು ಕಟ್ಟಬೇಡಿ. ಮುಂಗಡ ಕೊಡುವ ಮೊದಲೇ ಇಂಜಿನಿಯರನ್ನು ಕರೆಸಿ. ಪೊಳ್ಳು ಗೋಡೆಗೆ ಬಣ್ಣ ಬಳಿದು ಮಾರುವವನಿಗೆ ನಿಮ್ಮ ತೊಟ್ಟಿಲಿನ ಚಿಂತೆ ಇಲ್ಲ. ನಿಮಗಿರಲಿ. ಬೇಡ ಎಂದರೆ ಮೂದಲಿಸುತ್ತಾರೆ. ಮೂದಲಿಸಲಿ.

ಯೋನೆಲ್‌ನನ್ನೂ ಬಿಡಲಿಲ್ಲ. ಮರುದಿನ ಅವನು ಆ ಓಣಿಯಲ್ಲೇ ಕೆಲಸಕ್ಕೆ ಹೊರಟಾಗ ತಿಯೋಫಿಲೊ ತಮ್ಮ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದರು:

"ಬಂದ ನೋಡ್ರೋ, ಇಟ್ಟಿಗೆ ತೂತು ನೋಡಿ ಹೆದರಿ ಓಡಿದ ಗಂಡಸು! ಏನಯ್ಯ, ಇವತ್ತು ಹೆಂಡ್ತಿ ಹೊರಗೆ ಬಿಟ್ಟಳಾ?"

ಕಿಟಕಿಗಳು ತೆರೆದವು. ಯಾರೋ ಕಿಸಕ್ಕೆಂದರು. ಯೋನೆಲ್ ನಿಂತ. ಆಮೇಲೆ, ಚಾಚಿಕೊಂಡಿದ್ದ ಆ ಗೋಡೆಯ ಕೆಳಗೆ ಹೋಗದೆ, ಓಣಿ ದಾಟಿ ಆಚೆ ಬದಿಯಲ್ಲಿ ನಡೆದು ಹೋದ.