ಹಿಡಿ ಬಲಕ್ಕೆ, ದೋಣಿ ಎಡಕ್ಕೆ

"ಎಡಕ್ಕೆ ಅಂದ್ರೆ ಬಲಕ್ಕೆ ತಿರ್ಗಿಸ್ತ್ಯಲ! ನಿನ್ ಮಂಡೆಯಗೆ ಎಂತ, ಒಣಮೀನ್ ತುಂಬ್ಕಂಡಿತ್ತಾ?"

ವಾಸು ಮಾಸ್ಟ್ರು ಹೀಗೆ ಕೂಗಿದ್ದು ನನ್ನೊಳಗೇ ಕೂತು. ಹಿಂದಿನ ಸೀಟಿನಲ್ಲಿ ಸರದಿ ಕಾಯುತ್ತಿದ್ದವರು ಕಿಸಕ್ಕನೆ ನಕ್ಕರು. ಸ್ಟೀರಿಂಗ್ ಹಿಡಿದಿದ್ದ ಶೀನ ನಗಲಿಲ್ಲ. ಅವನ ಅಂಗೈಯ ಬೆವರು ನನಗೆ ಉಪ್ಪುಪ್ಪಾಗಿ ತಾಗಿತು.

ನಾನು ಕುಂದಾಪುರದ ಒಂದು ಡ್ರೈವಿಂಗ್ ಸ್ಕೂಲಿನ ಕಾರು. ಹುಟ್ಟುವಾಗ ಹಾಗಿರಲಿಲ್ಲ. ಕಾರ್ಖಾನೆಯಿಂದ ಬೆಳ್ಳಗೆ ಹೊಳೆಯುತ್ತ ಹೊರಟು ಒಬ್ಬ ಡಾಕ್ಟರರ ಮನೆ ಸೇರಿದೆ. ಅವರಿಗೆ ಕ್ಲಚ್ ಮೇಲೆ ಕಾಲಿಟ್ಟೇ ಓಡಿಸುವ ಚಟ. ಆಮೇಲೆ ವಾಸು ಮಾಸ್ಟ್ರು ನನ್ನನ್ನು ಕೊಂಡು, ತಮ್ಮ ಕಾಲ ಬುಡದಲ್ಲೂ ಒಂದು ಬ್ರೇಕ್ ಹಾಕಿಸಿದರು. ಗ್ಯಾರೇಜಿನವನು ಬಾನೆಟ್ ಎತ್ತುವ ಮೊದಲೇ ಕೇಳಿದ: "ಮುಂಚೆ ಯಾರ್ ಓಡಿಸ್ತಿದ್ರ್?"

ಒಂದು ತಗಡಿನ ಗಾಡಿಗೆ ಇಷ್ಟು ಮರ್ಯಾದೆ! ಶೀನನಿಗೆ ಅದೂ ಸಿಗಲಿಲ್ಲ; ಮುಂಚೆ ಏನು ಓಡಿಸುತ್ತಿದ್ದೆ ಎಂದು ಯಾರೂ ಕೇಳಲಿಲ್ಲ. ಬಂದವನನ್ನು ಖಾಲಿ ಡಬ್ಬವೆಂದೇ ತಿಳಿದು ತುಂಬಿಸಲು ಹೊರಟರು. ತುಂಬದಿದ್ದರೆ ಡಬ್ಬಕ್ಕೇ ಒದೆ. ಥೂ!

ಅವನ ತಲೆ ಖಾಲಿಯಿರಲಿಲ್ಲ. ಅಲ್ಲಿ ಕಡಲಿತ್ತು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಅಲೆಯೊಂದು ಎದ್ದು ಅವನ ಅಣ್ಣ ಗಿರಿಯನನ್ನು ದೋಣಿಯಿಂದ ಎಳೆದುಕೊಂಡಿತ್ತು. ಶೀನ ದೋಣಿ ತಿರುಗಿಸಿ ತಿರುಗಿಸಿ ಹುಡುಕಿದ. ಸಿಗಲಿಲ್ಲ. ಇನ್ನು ನೀರಿಗಿಳಿಯಲಾರೆನೆಂದು, ಮೀನಿನ ಟೆಂಪೋ ಓಡಿಸುವ ಆಸೆಯಿಂದ ಇಲ್ಲಿಗೆ ಬಂದಿದ್ದ. ಲೈಸೆನ್ಸ್ ಸಿಗದಿದ್ದರೆ ಮತ್ತೆ ಅದೇ ಅಳಿವೆ.

ನಿಧಾನಕ್ಕೆ ಹೋಗುವಾಗ ಸರಿಯಾಗಿಯೇ ತಿರುಗಿಸುತ್ತಿದ್ದ. ಎದುರಿಗೆ ತಟ್ಟನೆ ಏನಾದರೂ ಬಂದರೆ ಮಾತ್ರ ಅವನ ಕೈ ಅವನದಾಗಿ ಉಳಿಯುತ್ತಿರಲಿಲ್ಲ. ಆಗೆಲ್ಲ ನನ್ನ ಹಿಂದಿನ ಸೀಟಿನ ಮೂಲೆ ಒದ್ದೆಯಾಗುತ್ತಿತ್ತು. ಯಾರೋ ಬಂದು ಕೂತು ನೀರು ತೊಟ್ಟಿಕ್ಕಿಸಿದ ಹಾಗೆ.

ಒಂದು ದಿನ ದನ ಅಡ್ಡ ಬಂತು. ಶೀನ ಅದರ ಮೇಲೆಯೇ ತಿರುಗಿಸಿದ. ಮಾಸ್ಟ್ರು ತಮ್ಮ ಬ್ರೇಕನ್ನು ಜೋರಾಗಿ ತುಳಿದರು. "ನಾಳೆಯಿಂದ ಬರ್ಬೇಡ ನೀನ್!"

ಹಿಂದೆ ಕೂತಿದ್ದ ಟೈಲರ್ ಲಲಿತಕ್ಕ ಮುಂದಕ್ಕೆ ಬಾಗಿದಳು. "ಸ್ವಲ್ಪ ನಿಲ್ಲಿ ಮಾಸ್ಟ್ರೆ. ಶೀನ, ದೋಣ್ಯಗೆ ನೀ ಹ್ಯಾಂಗ್ ತಿರ್ಗಿಸ್ತೆ?"

"ಎಂಜಿನ್ನಿನ ಹಿಡಿ ಬಲಕ್ಕೆ ದೂಡ್ರೆ ದೋಣಿ ಎಡಕ್ಕೆ ಹೋತ್ ಅಕ್ಕ." ಅವನ ದನಿ ಇಳಿಯಿತು. "ಗಿರಿಯಣ್ಣ ಬಿದ್ದಾಗ್ಳೂ ಹಾಂಗೇ ದೂಡಿದೆ."

ಯಾರೂ ನಗಲಿಲ್ಲ.

"ಹಾಂಗಾರೆ ನಿನ್ ಕೈ ಇನ್ನೂ ದೋಣ್ಯಗೇ ಇತ್ತ್ ಮಾರಾಯಾ," ಎಂದಳು ಲಲಿತಕ್ಕ. "ತಿರ್ಗಿಸುಕ್ ಮುಂಚೆ ಬಾಯ್ಬಿಟ್ ಹೇಳ್, ಇದ್ ದೋಣಿ ಅಲ್ಲ ಅಂದ್."

ಹಾಗೇ ಕಲಿತ. ತಿರುವು ತಿರುವಿಗೂ "ಇದ್ ದೋಣಿ ಅಲ್ಲ, ಇದ್ ದೋಣಿ ಅಲ್ಲ" ಎಂದು ಗೊಣಗುತ್ತ ಕಲಿತ. ಲೈಸೆನ್ಸೂ ಬಂತು. ನನ್ನ ಸೀಟಿನ ಮೂಲೆ ಮಾತ್ರ ಒಣಗಲಿಲ್ಲ.

ಈಗ ನಾನು ಗುಜರಿಯಲ್ಲಿದ್ದೇನೆ. ಡಾಕ್ಟರರ ಕಾಲಿನ ಭಾರ ನನ್ನ ಕ್ಲಚ್ಚಿನಲ್ಲಿ ಇವತ್ತಿಗೂ ಇದೆ. ಮೊದಲು ಕಲಿತದ್ದು ಎಲ್ಲಿಗೂ ಹೋಗುವುದಿಲ್ಲ. ಹೊಸದು ಅದರ ಪಕ್ಕದಲ್ಲೇ ಜಾಗ ಮಾಡಿಕೊಂಡು ಕೂರಬೇಕು.

ಮೊನ್ನೆ ಶೀನ ತನ್ನ ಟೆಂಪೋಗೆ ಕನ್ನಡಿ ಹುಡುಕುತ್ತ ಬಂದ. ಹಳೆ ಬ್ಯಾಟರಿ ಮಾರಲು ಬಂದಿದ್ದ ವಾಸು ಮಾಸ್ಟ್ರು ಅಂಗಡಿಯವರೆದುರು ಅವನ ಬೆನ್ನು ತಟ್ಟಿದರು. "ಕಾಣಿ, ಈ ದಡ್ಡನಿಗೆ ಕಲ್ಸದ್ದ್ ನಾನೇ. ಅಲ್ದನಾ ಶೀನ?"

ಶೀನ ನನ್ನ ಕಿಟಕಿಯೊಳಗೆ ಕೈ ಹಾಕಿ ಸ್ಟೀರಿಂಗ್ ಹಿಡಿದ. ಮೆಲ್ಲಗೆ ಬಲಕ್ಕೆ ದೂಡಿದ. ಟಯರಿಲ್ಲದ ನನ್ನ ಗಾಲಿಗಳು ಕಿರುಗುಟ್ಟುತ್ತ ಬಲಕ್ಕೇ ತಿರುಗಿದವು. ಅವನು ಮಾತ್ರ ದೋಣಿಯಾಗಿದ್ದರೆ ತಿರುಗುತ್ತಿದ್ದ ಎಡಗಡೆ, ಏನೂ ಇಲ್ಲದ ಕಡೆ, ಬಹಳ ಹೊತ್ತು ನೋಡಿದ.

ಆಮೇಲೆ ಕೈ ತೆಗೆದು, ಕನ್ನಡಿ ಹುಡುಕಲು ನಡೆದುಹೋದ.