ವೆಂಕಟಮ್ಮನ ಎರಡನೇ ಏಟು

ತೆಂಗಿನಕಾಯಿ ತುಂಬಿದ ಚೀಲವನ್ನು ಬೀಸಿ ವೆಂಕಟಮ್ಮ ಸರಗಳ್ಳನಿಗೆ ಕೊಟ್ಟದ್ದು ಎರಡೇ ಏಟು. ಮೊದಲನೆಯದಕ್ಕೆ ಅವನು ಸರ ಬಿಟ್ಟ, ಎರಡನೆಯದಕ್ಕೆ ಅವನ ಭುಜದ ಮೂಳೆ ಮುರಿಯಿತು. ಇದು ನಡೆದದ್ದು ಹಾಡುಹಗಲಲ್ಲಿ, ಅಮೆರಿಕದ ಹೇವರ್ಡ್‌ನ ಗ್ರಾಸರಿ ಅಂಗಡಿಯ ಪಾರ್ಕಿಂಗಿನಲ್ಲಿ. ಮಂಡ್ಯದಿಂದ ಮಗನ ಮನೆಗೆ ಬಂದಿದ್ದ ಪುಣ್ಯಾತ್ಗಿತ್ತಿ ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಪೊಲೀಸರು ಬಂದಾಗ, “ನಂಗ್ಯಾಕ್ ಭಯ? ಇನ್ನೂ ನಾಕು ಬಿಗೀತಿದ್ದೆ,” ಎಂದು ಜಂಬ ಕೊಚ್ಚಿಕೊಂಡಳು. ಸೊಸೆ ತೇಜಸ್ವಿನಿ ಅದನ್ನು ಹೆಮ್ಮೆಯಿಂದ ಇಂಗ್ಲಿಷಿನಲ್ಲಿ ಹೇಳಿದಳು. ಪೊಲೀಸರ ಎದೆಯ ಮೇಲಿದ್ದ ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಯಿತು.

ಹಾಗಾಗಿ ಈಗ ವಕೀಲೆಯ ಆಫೀಸು. ಕೇಸು ತನ್ನ ಮೇಲೇ ಬೀಳಬಹುದೆಂದು ತಿಳಿದಾಗ ವೆಂಕಟಮ್ಮನಿಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು.

“ಇಲ್ಲಿ ಕಳ್ಳನ್ಗೆ ಎಷ್ಟ್ ಏಟು ಕೊಡಬೌದಂತೆ? ಕೇಳು ತೇಜು.”

ತೇಜಸ್ವಿನಿ ವಿಚಾರಿಸಿ ಹೇಳಿದಳು: “ಲೆಕ್ಕ ಇಲ್ವಂತೆ ಅತ್ತೆ. ಈಗ್ಲೇ ನಮಗೇನೋ ಮಾಡ್ಬಿಡ್ತಾನೆ ಅಂತ ನಿಜವಾಗ್ಲೂ ಭಯ ಆಗಿರ್ಬೇಕು, ಆ ಭಯಕ್ಕೆ ಸರಿಯಾದ ಕಾರಣಾನೂ ಇರ್ಬೇಕು. ತಪ್ಪಿಸ್ಕೊಳ್ಳೋಕೆ ಎಷ್ಟು ಬೇಕೋ ಅಷ್ಟು ಹೊಡೀಬೋದು. ಡೇಂಜರು ಮುಗಿದ್ಮೇಲೂ ಹೊಡೆದ್ರೆ ತಪ್ಪು ನಮ್ದೇ.”

“ಹಂಗಾರೆ ನಾನು ಓಡೋಗ್ಬೇಕಿತ್ತಾ?”

“ಬೇಕಿಲ್ವಂತೆ. ನಿಂತಲ್ಲೇ ನಿಂತು ಹೊಡೀಬೋದು.”

ಇದೆಂಥ ಕಾನೂನಪ್ಪಾ ಎಂದು ವೆಂಕಟಮ್ಮನಿಗೆ ಸೋಜಿಗವಾಯಿತು. ಹೆದರಿದವರಿಗೆ ಮಾಫಿ, ಹೆದರದವರಿಗೆ ಶಿಕ್ಷೆ! ಜಮೀನಿನ ಜಗಳಕ್ಕೆ ಬಂದ ಮೈದುನರನ್ನು ಬಾಗಿಲಲ್ಲೇ ನಿಲ್ಲಿಸಿ ವಾಪಸು ಅಟ್ಟಿದವಳು ಅವಳು. ಹೆದರಿದೆ ಎಂಬ ಮಾತನ್ನು ಅವಳ ಬಾಯಲ್ಲಿ ಹೆತ್ತ ಮಗನೂ ಕೇಳಿರಲಿಲ್ಲ.

ಸರ ಬಿಟ್ಟವನಿಗೆ ಮತ್ತೆ ಏಕೆ ಹೊಡೆದಿರಿ ಎಂದು ವಕೀಲೆ ಕೇಳಿದಳು.

“ಅವ್ನು ಜೇಬಿಗೆ ಕೈ ಹಾಕ್ದ.”

ಆಗ ಭಯವಾಯಿತೇ? ಆಗಿದ್ದರೆ, ಭಯವೇ ಇಲ್ಲವೆಂದು ಪೊಲೀಸರಿಗೆ ಹೇಳಿದ್ದು ಏಕೆ? ತೇಜಸ್ವಿನಿ ಕನ್ನಡದಲ್ಲಿ ಕೇಳಿ ಮುಗಿಸುವ ಮೊದಲೇ ಮಗ ನಾಗಾರ್ಜುನ ಬಾಯಿ ಹಾಕಿದ. “ಹೆದರಿದ್ದೆ ಅಂತ ಸುಮ್ನೆ ಹೇಳ್ಬಿಡವ್ವ.”

“ಸುಮ್ನೆ ಯಾಕೆ ಹೇಳ್ಲಿ?”

ವೆಂಕಟಮ್ಮ ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ನಾಚಿಕೆಯಿಂದ ಅವಳ ಮುಖ ಸುಡುತ್ತಿತ್ತು. ಮಗನ ಕಡೆ ನೋಡದೆ ಸೊಸೆಗೆ ಹೇಳಿದಳು: “ಅವ್ನು ಜೇಬಿಗೆ ಕೈ ಹಾಕ್ದಾಗ ಪಿಸ್ತೂಲೇ ತೆಗೀತಾನೆ, ನಾನು ಸತ್ತೆ ಅಂದ್ಕಂಡೆ. ನಿಂತಲ್ಲೇ ಉಚ್ಚೆ ಹೊಯ್ಕಂಡೆ ಕಣವ್ವ. ಅದು ಯಾರ್ಗೂ ಗೊತ್ತಾಗ್ಬಾರ್ದು ಅಂತ್ಲೇ ಪೊಲೀಸ್ರ ಮುಂದೆ ಅಷ್ಟು ಜಂಬ ಮಾಡಿದ್ದು. ಮನೆಗೆ ಬಂದೇಟ್ಗೆ ಸೀರೆ ನಾನೇ ಒಗೆದಾಕ್ದೆ.”

ನಾಗಾರ್ಜುನ ತಲೆ ತಗ್ಗಿಸಿದ. ಏನೆಂದರು ಎಂದು ವಕೀಲೆ ಕೇಳಿದಾಗ ತೇಜಸ್ವಿನಿ, ಹೇಳಲೇ ಬೇಡವೇ ಎಂಬಂತೆ ಅತ್ತೆಯ ಮುಖ ನೋಡಿದಳು.

“ಹೇಳವ್ವ,” ಎಂದಳು ವೆಂಕಟಮ್ಮ. “ಒಂದ್ ಮಾತೂ ಬಿಡ್ದಂಗೆ ಹೇಳು.”