ಒಂಬತ್ತನೇ ಹಾಸಿಗೆಯ ಸಾಲು

"ಒಂಬತ್ತನೇ ಹಾಸಿಗೆಗೆ ಬರೀ ನೀರು ಕೊಡಬಾರದು ಅಂತ ಎಲ್ಲಿದೆ ಮೇಡಂ? ಪಟ್ಟೀಲಿ ಆ ಹಾಸಿಗೇನೇ ಇಲ್ಲ."

ಮೂರನೇ ಮಹಡಿಯ ನರ್ಸ್ ಫೋನಿನಲ್ಲಿ ಏದುಸಿರು ಬಿಡುತ್ತಿದ್ದಳು. ಪಾರ್ಶ್ವವಾಯುವಾಗಿ ಬಂದಿದ್ದ ಗಡಿಯಾರ ರಿಪೇರಿಯ ಮುದುಕರು ಊಟದ ಮಧ್ಯೆ ನೀರು ಕೇಳಿದ್ದರು. ಅವಳು ಪಟ್ಟಿ ನೋಡಿ, ಏನೂ ಕಾಣದೆ, ಲೋಟ ಕೊಟ್ಟಿದ್ದಳು. ಎರಡನೇ ಗುಟುಕಿಗೆ ನೀರು ಶ್ವಾಸಕೋಶಕ್ಕೆ ಇಳಿದಿತ್ತು. ಈಗ ಡಾಕ್ಟರು ಬಂದು ಅವರ ಪಕ್ಕದಲ್ಲೇ ಇದ್ದರು.

ಆಸ್ಪತ್ರೆಯ ಡಯಟಿಷಿಯನ್ ತನ್ನ ಕಂಪ್ಯೂಟರಿನಲ್ಲಿ ಪಟ್ಟಿ ತೆರೆದಳು. ಆ ಮುದುಕರಿಗೆ ನೀರನ್ನೂ ಪುಡಿ ಬೆರೆಸಿ ಮಂದ ಮಾಡಿಯೇ ಕೊಡಬೇಕೆಂದು ಬೆಳಿಗ್ಗೆ ಅವಳೇ ಬರೆದಿದ್ದಳು. ಈಗ ಪಟ್ಟಿ ಹನ್ನೆರಡನೇ ಹಾಸಿಗೆಯಿಂದ ಶುರುವಾಗುತ್ತಿತ್ತು. ನೋಡುತ್ತಿದ್ದಂತೆಯೇ ಹನ್ನೆರಡನೆಯದೂ ಮಾಯವಾಯಿತು. ಅವಳು ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದಳು.

ಅಡುಗೆಮನೆಯ ಬಾಗಿಲಲ್ಲಿ, ಎಲ್ಲರೂ ದೊಡ್ಡಕ್ಕ ಎನ್ನುವ ಹಿರಿಯ ಅಡುಗೆಯವಳು ಊಟದ ತಟ್ಟೆಗಳನ್ನು ಗಾಡಿಗೇರಿಸುತ್ತಿದ್ದಳು. ಒಂದು ತಟ್ಟೆ ಏರಿಸುವುದು, ಕೈ ಒರೆಸಿಕೊಳ್ಳುವುದು, ಗೋಡೆಯ ಹೊಸ ಟ್ಯಾಬ್ಲೆಟ್ಟಿನಲ್ಲಿ ಆ ಸಾಲನ್ನು ಅಳಿಸುವುದು. ಹತ್ತೊಂಬತ್ತು ವರ್ಷ ಅವಳು ಕಪ್ಪು ಹಲಗೆಯ ಮೇಲೆ ಮಾಡಿದ್ದೂ ಇದನ್ನೇ. ತಟ್ಟೆ ಹೋದವರ ಸಾಲು ಒರೆಸಬೇಕು. ಹಲಗೆಯಲ್ಲಿ ಉಳಿದವರಿಗೆ ಇನ್ನೂ ಊಟವಾಗಿಲ್ಲ. ಅಷ್ಟು ವರ್ಷದಲ್ಲಿ ಒಬ್ಬ ರೋಗಿಯೂ ಹಸಿದು ಉಳಿದಿರಲಿಲ್ಲ.

ಹಲಗೆಯನ್ನೂ, ಮಂಚಗಳಿಗೆ ತೂಗುಹಾಕುತ್ತಿದ್ದ ಪಥ್ಯದ ಚೀಟಿಗಳನ್ನೂ ತೆಗೆದು ಇಂದೇ ಮೊದಲ ದಿನ. ನಿನ್ನೆ ಮಧ್ಯಾಹ್ನ ಡಯಟಿಷಿಯನ್ ಅಡುಗೆಮನೆಯವರನ್ನೆಲ್ಲ ಕೂರಿಸಿಕೊಂಡು ಕ್ಲೌಡ್ ಎಂದರೇನೆಂದು ಅರ್ಧ ಗಂಟೆ ವಿವರಿಸಿದ್ದಳು. ಪಟ್ಟಿ ಈ ಟ್ಯಾಬ್ಲೆಟ್ಟಿನೊಳಗೆ ಇರುವುದಿಲ್ಲ, ಎಲ್ಲೋ ದೂರದ ಕಂಪನಿಯೊಂದರ ದೊಡ್ಡ ಕಂಪ್ಯೂಟರುಗಳಲ್ಲಿ ಇರುತ್ತದೆ, ಟ್ಯಾಬ್ಲೆಟ್ ಸೂಪಿನ ಹಂಡೆಗೆ ಬಿದ್ದರೂ ಪಟ್ಟಿಗೆ ಏನೂ ಆಗುವುದಿಲ್ಲ ಎಂದಿದ್ದಳು. ಹಾಗಾದರೆ ನಮ್ಮ ಸೂಪಿಗೆ ಉಪ್ಪು ಬಿತ್ತೋ ಇಲ್ಲವೋ ಅಂತ ಊರಿಗೆಲ್ಲ ಗೊತ್ತಾಯಿತು ಬಿಡಿ ಎಂದು ಪಾತ್ರೆ ತೊಳೆಯುವವನು ನಗಿಸಿದ್ದ. ದೊಡ್ಡಕ್ಕ ಮಾತ್ರ ನಕ್ಕಿರಲಿಲ್ಲ. ಅವಳ ಮುಖದ ಅಳುಕು ನೋಡಲಾರದೆ ಡಯಟಿಷಿಯನ್ ಕೊನೆಗೆ, "ಭಯಪಡಬೇಡಿ ಅಕ್ಕ, ಇದು ನಿಮ್ಮ ಹಲಗೇನೇ. ಹಲಗೆ ಮೇಲೆ ಏನು ಮಾಡ್ತಿದ್ರೋ ಅದನ್ನೇ ಮಾಡಿ," ಎಂದುಬಿಟ್ಟಿದ್ದಳು.

ಈಗ ನಡೆದದ್ದನ್ನು ಕೇಳಿ ದೊಡ್ಡಕ್ಕನ ಬೆರಳು ಗಾಜಿನ ಮೇಲೆಯೇ ನಿಂತಿತು.

"ನಾನು ಅಳಿಸಿದ್ದು ನಮ್ಮದನ್ನ ಅಲ್ವಾ? ಮೇಲೆ ಅವರ ಹತ್ರ ಅವರದ್ದು ಇರುತ್ತಲ್ಲ?"

"ಇಲ್ಲ ಅಕ್ಕ. ಇರೋದೇ ಒಂದು. ಒಂದು ಕೋಣೆ, ನಾಲ್ಕು ಕಿಟಕಿ ಅಂದ್ಕೊಳ್ಳಿ. ನೀವು ಈ ಕಿಟಕಿಯಿಂದ ಕೈ ಹಾಕಿ ಕುರ್ಚಿ ತೆಗೆದ್ರೆ, ಆ ಕಿಟಕೀಲಿ ನೋಡೋರಿಗೂ ಕುರ್ಚಿ ಇರಲ್ಲ."

ದೊಡ್ಡಕ್ಕ ಬೆರಳನ್ನು ಗಾಜಿನಿಂದ ತೆಗೆದು ಒರೆಸಿಕೊಂಡಳು.

"ನಿನ್ನೆ ಇಷ್ಟು ಹೇಳಿದ್ದಿದ್ರೆ ಸಾಕಿತ್ತು ಮೇಡಂ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಉತ್ತರ ಹೇಳುವುದು ಸುಲಭವಿತ್ತು.

ಅಳಿಸಿದ ಸಾಲುಗಳನ್ನು ಮರಳಿ ತರಲು ಎರಡು ನಿಮಿಷ ಸಾಕಾಯಿತು. ಅವುಗಳ ಜೊತೆಗೆ ಯಾರು, ಎಷ್ಟು ಗಂಟೆಗೆ ಅಳಿಸಿದರೆಂಬುದೂ ಬಂತು: ಒಂಬತ್ತನೇ ಹಾಸಿಗೆ, ಮಧ್ಯಾಹ್ನ ಹನ್ನೆರಡು ನಲವತ್ತು, ಅಡುಗೆಮನೆ. ಆಸ್ಪತ್ರೆಯ ಸೂಪರಿಂಟೆಂಡೆಂಟರು ಅದನ್ನು ತಮ್ಮ ಕೋಣೆಯಲ್ಲೇ ನೋಡಿದ್ದರು. ಯಾರು ಅಳಿಸಿದ್ದು ಅಂತ ಅದೇ ಹೇಳುತ್ತಿದೆಯಲ್ಲಮ್ಮ, ಸಂಜೆಯೊಳಗೆ ಹಾಗೆಯೇ ವರದಿ ಬರೆದು ಕೊಡಿ ಎಂದರು. ಅಡುಗೆಮನೆಯನ್ನು ಹೊರಗಿನವರಿಗೆ ವಹಿಸಬೇಕೆಂಬ ಅವರ ಯೋಚನೆ ಎಲ್ಲರಿಗೂ ಗೊತ್ತಿತ್ತು. ದೊಡ್ಡಕ್ಕನನ್ನು ಮನೆಗೆ ಕಳಿಸಲು ಈ ಒಂದು ಸಾಲು ಧಾರಾಳವಾಗಿ ಸಾಕು. ಡಯಟಿಷಿಯನ್‌ಳ ಕೆಲಸವೂ ಇನ್ನೂ ಖಾಯಂ ಆಗಿರಲಿಲ್ಲ. ಎರಡು ತಿಂಗಳು ಬಾಕಿಯಿತ್ತು.

'ಕಾರಣ' ಎಂಬ ಜಾಗದಲ್ಲಿ ಅವಳು ಮೊದಲು 'ಮಾಹಿತಿಯ ಕೊರತೆಯಿಂದ' ಎಂದು ಬರೆದಳು. ಓದಿದರೆ ಆ ವಾಕ್ಯದಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದ ಕಡೆ ದೊಡ್ಡಕ್ಕನನ್ನು ತಂದು ಕೂರಿಸುವುದು ಕಷ್ಟವೇನಲ್ಲ. ಅಳಿಸಿದಳು. ಐದೂವರೆಗೆ, 'ಹಲಗೆಯ ಮೇಲೆ ಮಾಡುತ್ತಿದ್ದುದನ್ನೇ ಮಾಡಿ ಎಂದು ನಾನು ಹೇಳಿಕೊಟ್ಟಿದ್ದೆ. ಅವರು ಹಾಗೆಯೇ ಮಾಡಿದರು' ಎಂದು ಬರೆದು, ಮತ್ತೊಮ್ಮೆ ಓದಲು ಧೈರ್ಯ ಸಾಲದೆ ಕಳುಹಿಸಿದಳು.

ಮರುದಿನ ಮಧ್ಯಾಹ್ನದವರೆಗೂ ಉತ್ತರ ಬರಲಿಲ್ಲ. ಹಿಂದಿನ ದಿನದಿಂದ ಬಾಯಿಗೆ ಏನೂ ಕೊಡದಿದ್ದ ಮುದುಕರಿಗೆ ಚಮಚದಲ್ಲಿ ಮತ್ತೆ ಕೊಟ್ಟು ನೋಡಬಹುದೆಂದು ಡಾಕ್ಟರು ಹೇಳಿದರು. ದೊಡ್ಡಕ್ಕ ಮಂದ ಸೂಪಿನ ಬಟ್ಟಲನ್ನು ಗಾಡಿಗಿಡದೆ ಕೈಯಲ್ಲೇ ಹಿಡಿದು ಡಯಟಿಷಿಯನ್ ಬಳಿ ಬಂದು, ಮೇಲೆ ನಾನೂ ಬರಬಹುದಾ ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ಅವಳು ಒಮ್ಮೆಯೂ ವಾರ್ಡಿಗೆ ಹತ್ತಿರಲಿಲ್ಲ.

ನರ್ಸ್ ಮುದುಕರ ಬೆನ್ನಿಗೆ ದಿಂಬು ಕೊಟ್ಟು, ಅರ್ಧ ಚಮಚ ಬಾಯಿಗಿಟ್ಟಳು. ತುಟಿ ಮುಚ್ಚಿತು. ಗಂಟಲಿನ ಗಂಟು ಮೇಲೇರಿ, ಅಲ್ಲೇ ನಿಂತಿತು. ಮಂಚದ ಆಚೆ ಈಚೆ ನಿಂತಿದ್ದ ಇಬ್ಬರು ಹೆಂಗಸರೂ ತಮಗೇ ತಿಳಿಯದೆ ಉಗುಳು ನುಂಗಿದರು. ಗಂಟು ನಿಧಾನವಾಗಿ ಕೆಳಗಿಳಿಯಿತು. ನರ್ಸ್ ಇನ್ನರ್ಧ ಚಮಚ ತುಂಬಿದಳು.